ಎದ್ದು ನಡೆದ ಗುರುತು

ಮಾರ್ಚ್ ಹದಿನೇಳು, ಶನಿವಾರ
ಮಧ್ಯಾಹ್ನ, ಊಟ ಬಿಟ್ಟು ಕೂತು ಬರೆದದ್ದು

ನನ್ನ ಮೆಣಸಿನಕಾಯಿಗೆ,

ಮೊದಲಿಗೇ ಒಂದು ಮಾತು ಗೊತ್ತಿರಲಿ. ಈ ಭೂಮಂಡಲದಲ್ಲಿ ಹುಟ್ಟಿದಂದಿನಿಂದ ಇವತ್ತಿನವರೆಗೆ ಯಾರಿಂದಲೂ, ಒಂದು ಕಾಸಿಗೂ ಮೋಸ ಹೋಗದ ಮನುಷ್ಯ ನಾನೊಬ್ಬನೇ. ಕಳ್ಳರು ತಮ್ಮ ಮಕ್ಕಳಿಗೆ ವಿದ್ಯೆ ಕಲಿಸುವಾಗ ನನ್ನ ಫೋಟೋ ತೋರಿಸಿ, ‘ಈ ಮುಖ ಕಂಡರೆ ಮುಂದಿನ ಸ್ಟಾಪಿನಲ್ಲೇ ಇಳಿದುಬಿಡು’ ಎಂದು ಹೇಳಿಕೊಡುತ್ತಾರಂತೆ. ಇದನ್ನು ನನಗೆ ಹೇಳಿದವನು ಒಬ್ಬ ಕಳ್ಳನೇ, ಆದ್ದರಿಂದ ಸುಳ್ಳಿರಲಾರದು.

ಇಲ್ಲಿ ನಾನೂ ನನ್ನ ಮಂಡಿನೋವೂ ಕ್ಷೇಮವಾಗಿದ್ದೇವೆ. ಅಲ್ಲಿ ನೀನೂ ನಿನ್ನ ವಾರ್ಡಿನ ರೋಗಿಗಳೂ ಸುಖವಾಗಿರುವಿರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದು ಮೂರು ವಾರವಾಯಿತು. ತಡವಾದದ್ದಕ್ಕೆ ಸಿಟ್ಟಾಗಬೇಡ. ಮೊದಲ ವಾರ ಪೆನ್ನು ಸಿಗಲಿಲ್ಲ. ಎರಡನೇ ವಾರ ಪೆನ್ನು ಸಿಕ್ಕಿತು, ಕನ್ನಡಕ ಸಿಗಲಿಲ್ಲ. ಮೂರನೇ ವಾರ ಎರಡೂ ಸಿಕ್ಕಿದವು, ನೆಪ ಸಿಗಲಿಲ್ಲ. ಬಲಗೈ ತೋರುಬೆರಳಿಗೆ ಸಣ್ಣದೊಂದು ಗಾಯವೂ ಆಗಿತ್ತು, ಅದರ ವಿಷಯ ಬಿಡು.

ಎರಡನೇ ಕಾಗದದಲ್ಲಿ ನೀನು ಬರೆದದ್ದು ಇಷ್ಟೇ: ‘ಮಾವ, ಫೋನು ಎತ್ತದಿದ್ದರೆ ಕಾಗದಕ್ಕಾದರೂ ಉತ್ತರ ಕೊಡಿ. ಅಪ್ಪ ಅಂಗಡಿ ಮುಚ್ಚಿ ಮನೇಲಿ ಕೂತಿದ್ದಾರೆ. ಯಾಕೆ ಅಂದ್ರೆ ಅಮ್ಮ ನಿಮ್ಮನ್ನ ಕೇಳು ಅಂತಾಳೆ. ಆ ದ್ವೀಪದಲ್ಲಿ ಏನಾಯ್ತು?’ ನರ್ಸಾದ ಮೇಲೆ ನಿನ್ನ ಮಾತೂ ಸೂಜಿಯ ಹಾಗೇ ಆಗಿದೆ. ಚುಚ್ಚುವ ಮೊದಲು ಸ್ವಲ್ಪ ಹತ್ತಿಯಾದರೂ ಉಜ್ಜಬಾರದೇ?

ಹೇಳುತ್ತೇನೆ. ಕ್ರಮವಾಗಿಯೇ ಹೇಳುತ್ತೇನೆ. ನಾನು ಓದಿದ್ದು ನಮ್ಮ ಹಳ್ಳಿ ಶಾಲೆಯ ಏಳನೇ ಕ್ಲಾಸಾದರೂ ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ನನ್ನ ಶಾಸ್ತ್ರದ ಮೊದಲ ಸೂತ್ರ ನಿನಗೆ ಬಾಯಿಪಾಠ: ಟಿಕೆಟ್ಟಿರುವವನು ನನ್ನ ಮುಖ ನೋಡುತ್ತಾನೆ, ಟಿಕೆಟ್ಟಿಲ್ಲದವನು ಕಿಟಕಿಯ ಆಚೆ ನೋಡುತ್ತಾನೆ. ಈ ಸೂತ್ರ ಒಂದೇ ಒಂದು ಸಲ ತಪ್ಪಿತ್ತು. ಆ ಮನುಷ್ಯನ ಹೆಂಡತಿ ಆಗತಾನೇ ಜಗಳವಾಡಿ ಇಳಿದು ಹೋಗಿದ್ದಳು, ಅವನು ಅವಳ ಬೆನ್ನು ನೋಡುತ್ತಿದ್ದ. ಜೇಬಿನಲ್ಲಿ ಎರಡು ಟಿಕೆಟ್ಟಿತ್ತು.

ಆ ದ್ವೀಪ ದಡದಿಂದ ಮುಕ್ಕಾಲು ಗಂಟೆಯ ದೋಣಿ ಹಾದಿ. ಅಲ್ಲಿ ಮನೆಯಿಲ್ಲ, ಅಂಗಡಿಯಿಲ್ಲ. ಮರಳು, ಹುಲ್ಲಿನ ದಿಬ್ಬ, ಆಮೆ, ಹಕ್ಕಿ, ಪಾಳುಬಿದ್ದ ಒಂದು ಕೋಟೆ, ಅಷ್ಟೇ. ಪ್ರಾಣಿಗಳಿಗಾಗಿ ಕಾಪಾಡಿದ ಜಾಗ, ದಿನಕ್ಕೆ ಮೂವತ್ತು ಜನರನ್ನು ಮಾತ್ರ ಬಿಡುತ್ತಾರೆ. ಆ ಕೋಟೆಯ ಸಿಡಿಮದ್ದಿನ ಕೋಣೆಗೆ ಹಾಕಿದ ಬೀಗವನ್ನು ನೂರಿಪ್ಪತ್ತು ವರ್ಷದಿಂದ ಯಾರೂ ತೆಗೆದಿಲ್ಲ. ಕೀಲಿಕೈ ಯಾವಾಗಲೋ ಸಮುದ್ರ ಸೇರಿದೆ. ಒಡೆಯೋಣವೆಂದರೆ ಬೀಗವೂ ಚರಿತ್ರೆಯಂತೆ. ಹೀಗಾಗಿ ದ್ವೀಪದ ಕಚೇರಿಯವರು ನಿನ್ನಪ್ಪನಿಗೆ ಹೇಳಿಕಳಿಸಿದರು. ಬೀಗ ರಿಪೇರಿಯಲ್ಲಿ ನಮ್ಮ ಭಾವನನ್ನು ಬಿಟ್ಟರೆ ಇನ್ನೊಬ್ಬರಿಲ್ಲ, ಅದು ಶತ್ರುಗಳೂ ಒಪ್ಪುವ ಮಾತು. ದೀಪ ಹಿಡಿಯಲು ಜೊತೆಗೊಬ್ಬರು ಬನ್ನಿ ಎಂದಿದ್ದಕ್ಕೆ ಭಾವ ನನ್ನ ಹೆಸರು ಕೊಟ್ಟರು. ನನ್ನ ಮೊದಲ ಅನುಮಾನ ಶುರುವಾದದ್ದು ಅಲ್ಲೇ. ಊರು ತುಂಬ ಜನ ಇರುವಾಗ ನನ್ನನ್ನೇ ಯಾಕೆ?

ದೋಣಿಕಟ್ಟೆಯಲ್ಲಿ ಒಂದು ತಗಡಿನ ಕೋಣೆ. ಒಳಗೆ ಖಾಕಿ ಹಾಕಿದ ಒಬ್ಬ ಹೆಂಗಸು, ಕೈಯಲ್ಲಿ ಬಟ್ಟೆ ಒಗೆಯುವ ಬ್ರಷ್ಷು. ನಾನು ಮನಸ್ಸಿನಲ್ಲೇ ಬ್ರಷ್ಷಮ್ಮ ಎಂದು ಹೆಸರಿಟ್ಟೆ.

“ಶೂ ಬಿಚ್ಚಿ ಯಜಮಾನ್ರೇ.”

“ಯಾಕಮ್ಮಾ, ದ್ವೀಪಾನ ಈಗಷ್ಟೇ ಒರೆಸಿದ್ದೀರಾ?”

“ಅಟ್ಟೆಯಲ್ಲಿ ಕಳೆ ಬೀಜ ಇರುತ್ತೆ. ಒಂದು ಬೀಜ ಅಲ್ಲಿ ಬಿದ್ರೆ ದಿಬ್ಬ ಪೂರ್ತಿ ಹಬ್ಬುತ್ತೆ. ಜೇಬು ತೋರಿಸಿ.”

“ಜೇಬಲ್ಲಿ ನಾನೇನು ಬೇಸಾಯ ಮಾಡ್ತೀನಾ?”

“ಹೋದ ವಾರ ಒಬ್ರ ಚೀಲದಲ್ಲಿ ಇಲಿಮರಿ ಸಿಕ್ತು. ಅವರಿಗೇ ಗೊತ್ತಿರಲಿಲ್ಲ.”

ಆಮೇಲೆ ನನ್ನ ಒಂದೊಂದು ವಸ್ತುವನ್ನೂ ಉಜ್ಜಿ, ಉದ್ದದ ರಿಜಿಸ್ಟರಿನಲ್ಲಿ ಬರೆದುಕೊಂಡಳು: ಬಾಚಣಿಗೆ ಒಂದು, ಕರವಸ್ತ್ರ ಒಂದು, ಕನ್ನಡಕದ ಡಬ್ಬಿ ಒಂದು. “ಇಲ್ಲಿಂದ ಹೋಗಿದ್ದೆಲ್ಲ ವಾಪಸ್ ಬರಬೇಕು, ಅಲ್ಲಿರೋದು ಯಾವುದೂ ಬರಬಾರದು. ಸಂಜೆ ದೋಣಿ ಹತ್ತೋವಾಗ ತಾಳೆ ನೋಡ್ತೀನಿ,” ಅಂದಳು. ಕೋಟಿನ ಒಳಜೇಬಿನಿಂದ ನನ್ನ ಬಟ್ಟೆಚೀಲ ಬಂತು, ಹೊಟ್ಟೆ ಉಬ್ಬಿಸಿಕೊಂಡು.

“ಇದ್ರಲ್ಲೇನು?”

“ಹಣ. ಮುಟ್ಟಬೇಡಿ.”

“ಹಣದಲ್ಲಿ ಕಳೆ ಬೆಳೆಯಲ್ಲ ಬಿಡಿ,” ಎಂದು ಹೊಲಿಗೆಯನ್ನಷ್ಟೇ ಮೇಲಿನಿಂದ ಉಜ್ಜಿ, ‘ಬಟ್ಟೆಚೀಲ ಒಂದು’ ಎಂದು ಬರೆದಳು. ನನಗೆ ಆಗಲೇ ಹೊಳೆಯಿತು. ಬೀಜದ ನೆಪದಲ್ಲಿ ಯಾರ ಯಾವ ಜೇಬು ದಪ್ಪವಿದೆ ಎಂದು ತಿಳಿದುಕೊಳ್ಳುವ ಉಪಾಯ ಇದು.

ದೋಣಿಯಲ್ಲಿ ನಮ್ಮ ಬೀದಿಯವರೇ ಇಬ್ಬರು ಸಿಕ್ಕರು. ಔಷಧಿ ಅಂಗಡಿಯವರು, ಮತ್ತು ಬ್ಯಾಂಕಿನ ಕ್ಯಾಷಿಯರಮ್ಮ. ಇಬ್ಬರ ಮನೆಯ ಬದಲಿ ಕೀಲಿಕೈಗಳೂ ನಿನ್ನಪ್ಪನ ಅಂಗಡಿಯ ಗೋಡೆಯಲ್ಲೇ ತೂಗುತ್ತವೆ. ಇಬ್ಬರೂ ಭಾವನಿಗೆ ಎದ್ದು ಜಾಗ ಕೊಟ್ಟರು. ನನಗೆ ಹಗ್ಗದ ಸುರುಳಿಯ ಮೇಲೆ ಜಾಗ ಸಿಕ್ಕಿತು. ದೋಣಿಯವನು ಎಲ್ಲರನ್ನೂ ಗುಂಪಾಗಿ ನಡುವೆ ಕೂರಿಸಿದ. ತೂಕ ಸಮವಾಗಲಿ ಅಂತಂತೆ. ಬಸ್ಸಿನಲ್ಲಿ ಜೇಬುಗಳ್ಳರಿಗೂ ಜನ ಗುಂಪಾಗಿಯೇ ಇರಬೇಕು. ನಾನು ಚೀಲದ ಮೇಲಿನ ಕೈ ತೆಗೆಯಲಿಲ್ಲ.

ದ್ವೀಪದಲ್ಲಿ ನಮ್ಮನ್ನು ಎದುರುಗೊಂಡವನು ಕೊರಳಿಗೆ ದುರ್ಬೀನು ನೇತುಹಾಕಿಕೊಂಡ ಕಾವಲುಗಾರ. ಮರಳ ಮೇಲೆ ಟ್ರ್ಯಾಕ್ಟರ್ ಹೋದಂಥ ಗುರುತು ತೋರಿಸಿ, “ಆಮೆ ಬಂದು ಮೊಟ್ಟೆ ಇಟ್ಟು ಹೋಗಿದೆ,” ಅಂದ. ಆಮೆಯನ್ನು ಕಂಡವರಿಲ್ಲ. ಟೈರು ಉರುಳಿಸಿದರೂ ಅಂಥದ್ದೇ ಗುರುತು ಬೀಳುತ್ತದೆ. ಆಮೇಲೆ ಹುಲ್ಲಿನ ದಿಬ್ಬಕ್ಕೆ ಕರೆದುಕೊಂಡು ಹೋದ. ಇಕ್ಕೆಲದಲ್ಲೂ ಹಗ್ಗ ಕಟ್ಟಿದ ಸಣ್ಣ ದಾರಿ. ಹಗ್ಗದಾಚೆ ನೆಲದ ತುಂಬ ಬಿಲಗಳು, ಜರಡಿಯ ಹಾಗೆ.

“ಇಲ್ಲಿ ಹನ್ನೊಂದು ಸಾವಿರ ಹಕ್ಕಿ ಇವೆ,” ಅಂದ.

ನಾನು ಸುತ್ತಲೂ ನೋಡಿದೆ. ಒಂದು ಕಾಗೆಯೂ ಇರಲಿಲ್ಲ. “ಎಲ್ಲಿ?”

“ಅರ್ಧ ಸಮುದ್ರದ ಮೇಲೆ, ಅರ್ಧ ಬಿಲದೊಳಗೆ ಮೊಟ್ಟೆ ಮೇಲೆ. ಕತ್ತಲಾದ್ಮೇಲೆ ಹೊರಗೆ ಬರ್ತವೆ.”

“ನಮ್ಮ ದೋಣಿ ವಾಪಸ್ ಎಷ್ಟು ಹೊತ್ತಿಗೆ?”

“ಕತ್ತಲಾಗೋಕೆ ಮುಂಚೆ.”

ನೋಡಿದೆಯಾ? ಹಕ್ಕಿಯಿಲ್ಲದ ತೂತು ತೋರಿಸಿ ಟಿಕೆಟ್ ಮಾರುವ ಧೈರ್ಯ ಬಸ್ಸಿನವರಿಗೂ ಇಲ್ಲ. “ಹಗ್ಗ ಮಾತ್ರ ದಾಟಬೇಡಿ. ಬಿಲಕ್ಕೆ ಕೈ ಹಾಕಿದ್ರೆ ದಂಡ ಇದೆ, ಜೈಲೂ ಇದೆ,” ಎಂದು ಬೇರೆ ಹೆದರಿಸಿದ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಅಲ್ಲಿಯ ಮರಳು ಜರಡಿ ಹಿಡಿದ ಹಿಟ್ಟಿನ ಹಾಗಿತ್ತು, ನೀರು ಕಾಲ ಬೆರಳು ಎಣಿಸುವಷ್ಟು ತಿಳಿಯಾಗಿತ್ತು. ನಿನ್ನಪ್ಪ ಪ್ಯಾಂಟು ಮಡಚಿ ನಿಂತು, ಒಂದು ಚಿಪ್ಪು ಎತ್ತಿಕೊಂಡು, ಎರಡೂ ಕಡೆ ನೋಡಿ, ಅದು ಬಿದ್ದಿದ್ದ ಕುಳಿಯಲ್ಲೇ ಮತ್ತೆ ಅದನ್ನು ಹೊಂದಿಸಿ ಇಟ್ಟರು. ಯಾರೂ ನೋಡುತ್ತಿರಲಿಲ್ಲ. ನಾನೊಬ್ಬ ನೋಡಿದೆ.

ಕೋಟೆಯ ಒಳದಾರಿ ಕಿರಿದು. ಕೋಟು ಗೋಡೆಗೆ ತಾಗುತ್ತದೆಂದು ಇಬ್ಬರೂ ಬಿಚ್ಚಿ ಹೊರಗಿನ ಕಲ್ಲುಬೆಂಚಿನ ಮೇಲೆ ಇಟ್ಟೆವು. ಅಷ್ಟರಲ್ಲಿ ನಾನೊಮ್ಮೆ ಮರೆಗೆ ಹೋಗಿ ಬಂದೆ. ಈ ವಯಸ್ಸಿನಲ್ಲಿ ಅದು ಅನುಮಾನದ ವಿಷಯವಲ್ಲ. ಆಮೇಲೆ ಒಂದೂಕಾಲು ಗಂಟೆ ದೀಪ ಹಿಡಿದು ನಿಂತೆ. ಬೀಗ ಎಂದರೆ ಬೀಗವೇ, ಹಸುಗೂಸಿನಷ್ಟು ದಪ್ಪ. ಭಾವ ಅದರ ಮೇಲೆ ಕಿವಿಯಿಟ್ಟು, ಎಣ್ಣೆ ತೊಟ್ಟಿಕ್ಕಿಸಿ, ತಂತಿಗಳನ್ನು ಒಂದೊಂದಾಗಿ ಒಳಗೆ ಬಿಟ್ಟರು.

“ಚೆಕ್ಕಿಂಗು, ದೀಪ ಸ್ವಲ್ಪ ಎಡಕ್ಕೆ.”

“ನನ್ನೆಡಕ್ಕೋ ನಿಮ್ಮೆಡಕ್ಕೋ ಭಾವ?”

“ಬೀಗದ ಎಡಕ್ಕೆ ಮಾರಾಯ.”

ಕೊನೆಗೆ ಒಳಗಿನಿಂದ ‘ಟಕ್’ ಎಂದಿತು, ಮುದುಕ ನಾಲಿಗೆ ಚಪ್ಪರಿಸಿದ ಹಾಗೆ. ಬಾಗಿಲು ತೆಗೆದರೆ ಒಳಗೆ ಏನಿತ್ತು ಅಂತೀಯ? ಗೋಡೆಗೆ ಗೂಟಗಳ ಸಾಲು, ಮೂಲೆಯಲ್ಲಿ ಒಂದು ಸವೆದ ಪೊರಕೆ. ಪೊರಕೆ ಕಾಯಲು ನೂರಿಪ್ಪತ್ತು ವರ್ಷ! ಆದರೂ ಮೂವತ್ತು ಜನ ಚಪ್ಪಾಳೆ ತಟ್ಟಿದರು. “ನಿಮ್ಮ ಕೈ ತಾಗಿದ್ರೆ ಬೀಗಗಳೂ ಬಾಯಿ ಬಿಡ್ತವೆ,” ಎಂದು ಕ್ಯಾಷಿಯರಮ್ಮ ಹೊಗಳಿದರು. ಯಾರೋ ನನ್ನ ಕಡೆ ತಿರುಗಿ, “ಇವ್ರು?” ಅಂದರು. “ದೀಪ ಹಿಡಿದವ್ರು,” ಎಂದು ಇನ್ಯಾರೋ ಉತ್ತರ ಕೊಟ್ಟರು. ಭಾವ ತಕ್ಷಣ, “ಇವನಿಲ್ದಿದ್ರೆ ಆಗ್ತಿರಲಿಲ್ಲ,” ಅಂದರು. ಅದು ಹೊಗಳಿಕೆಯೋ ಕುಚೋದ್ಯವೋ ಎಂದು ನಾನು ಇವತ್ತಿಗೂ ಅನುಮಾನಿಸುತ್ತಿದ್ದೇನೆ.

ನಾನು ಇನ್ನೊಮ್ಮೆ ಮರೆಗೆ ಹೋದೆ. ಈ ಸಲ ಬರುವುದು ಸ್ವಲ್ಪ ತಡವಾಯಿತು. ಬಂದಾಗ ಬೆಂಚಿನ ಹತ್ತಿರ ಭಾವ ಒಬ್ಬರೇ, ನನ್ನ ಕೋಟನ್ನು ತೋಳಿನ ಮೇಲೆ ಹಾಕಿಕೊಂಡು ಕಾಯುತ್ತಿದ್ದರು.

ಸಂಜೆ ಎಲ್ಲರೂ ದೋಣಿಯಲ್ಲಿ ಕೂತಿದ್ದರು. ಹತ್ತುವ ಹಲಗೆಯ ಬಳಿ, ಬೆಳಿಗ್ಗೆ ನಮ್ಮ ದೋಣಿಯಲ್ಲೇ ಬಂದಿದ್ದ ಬ್ರಷ್ಷಮ್ಮ ರಿಜಿಸ್ಟರು ಹಿಡಿದು ನಿಂತಿದ್ದಳು. ಬಾಚಣಿಗೆ? ಇದೆ. ಕರವಸ್ತ್ರ? ಇದೆ. ಕನ್ನಡಕದ ಡಬ್ಬಿ? ಇದೆ.

“ಬಟ್ಟೆಚೀಲ ಒಂದು?”

ನಾನು ಖಾಲಿ ಒಳಜೇಬನ್ನು ತಡಕಿದೆ.

“ಯಜಮಾನ್ರೇ, ಚೀಲ ಎಲ್ಲಿ? ದ್ವೀಪದಲ್ಲಿ ಏನೂ ಬಿಡೋ ಹಾಗಿಲ್ಲ.”

“ಕಳುವಾಗಿದೆ,” ಅಂದೆ.

“ಎಷ್ಟಿತ್ತು?”

“ನಲವತ್ತು ಸಾವಿರ.”

ಇಡೀ ದೋಣಿ ಒಂದೇ ಬಾಯಲ್ಲಿ ‘ಅಯ್ಯೋ’ ಎಂದಿತು. ಅವತ್ತು ಬೆಳಿಗ್ಗೆಯಿಂದ ಅಷ್ಟೂ ಜನ ನನ್ನ ಕಡೆ ತಿರುಗಿದ್ದು ಅದೇ ಮೊದಲು.

“ಕೋಟಿನ ಹತ್ರ ಯಾರಿದ್ರು? ಯಾರ ಮೇಲಾದ್ರೂ ಅನುಮಾನ ಇದೆಯಾ?” ಎಂದು ಬ್ರಷ್ಷಮ್ಮ ಕೇಳಿದಳು.

ದೇವರಾಣೆ, ನಾನು ಯಾರ ಹೆಸರನ್ನೂ ಹೇಳಲಿಲ್ಲ. ನನ್ನ ಹಳೆಯ ಸೂತ್ರ ಹೇಳಿದೆ, ಅಷ್ಟೇ. “ಟಿಕೆಟ್ಟಿಲ್ಲದವನು ಕಿಟಕಿಯ ಆಚೆ ನೋಡ್ತಾನೆ.”

ನಿನ್ನಪ್ಪ ದೋಣಿಯ ಅಂಚಿನಲ್ಲಿ ಕೂತು ಸಮುದ್ರ ನೋಡುತ್ತಿದ್ದರು. ಎಲ್ಲರ ಮುಖವೂ ಅತ್ತ ತಿರುಗಿತು. “ನೂರು ವರ್ಷದ ಬೀಗ ತೆಗೆದ ಕೈಗೆ ಒಂದು ಚೀಲ ಯಾವ ಲೆಕ್ಕ!” ಎಂದು ಔಷಧಿ ಅಂಗಡಿಯವರು ತಮಾಷೆ ಮಾಡಿದರು. ಯಾರೂ ನಗಲಿಲ್ಲ. ಭಾವ ಎದ್ದು ನಿಂತು ಎರಡೂ ಜೇಬು ಹೊರಗೆಳೆದು ತೋರಿಸಿದರು. ಹತಾರದ ಪೆಟ್ಟಿಗೆ ತೆಗೆದು ತಂತಿಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಜೋಡಿಸಿದರು. ಆಮೇಲೆ ನನ್ನ ಹತ್ತಿರ ಬಂದು, ಮೆಲ್ಲಗೆ, “ನೀನು ಹೇಳು,” ಅಂದರು.

ನಾನು ಕೈಗಡಿಯಾರಕ್ಕೆ ಕೀ ಕೊಟ್ಟುಕೊಂಡೆ.

ದ್ವೀಪದಲ್ಲಿ ನಡೆದದ್ದು ಇಷ್ಟು. ಊರಲ್ಲಿ ನಡೆದದ್ದು ನಿಧಾನವಾಗಿ. ಮರುದಿನ ಔಷಧಿ ಅಂಗಡಿಯವರು ಬಂದು ತಮ್ಮ ಬದಲಿ ಕೀಲಿಕೈ ವಾಪಸ್ ಕೇಳಿದರಂತೆ, “ತಪ್ಪು ತಿಳ್ಕೋಬೇಡಿ, ಮನೆಯವಳು ಹೇಳಿದ್ಳು,” ಎಂದು. ಕ್ಯಾಷಿಯರಮ್ಮ ಏನೂ ಹೇಳದೆ ಬೀಗವನ್ನೇ ಬದಲಿಸಿದರು, ಬೇರೆ ಊರಿನವನಿಂದ. ಹತ್ತು ದಿನದಲ್ಲಿ ನಿನ್ನಪ್ಪನ ಅಂಗಡಿಯ ಗೋಡೆ ಖಾಲಿಯಾಯಿತು. ಬೀಗದವನ ಕೈ ಚುರುಕಾಗಿದ್ದರೆ ಸಾಲದು, ಆ ಕೈಯನ್ನು ಊರು ನಂಬಬೇಕು.

ಹನ್ನೆರಡನೇ ದಿನ ನಿನ್ನಮ್ಮ ನನ್ನ ಮನೆಗೆ ಬಂದಳು. ಚಪ್ಪಲಿ ಬಿಚ್ಚಲಿಲ್ಲ. ಒಂದು ಲಕೋಟೆಯನ್ನು ಮೇಜಿನ ಮೇಲಿಟ್ಟು, “ಎಣಿಸ್ಕೋ,” ಅಂದಳು.

“ಕೂತ್ಕೋ ಅಕ್ಕ.”

“ಕೂರೋಕೆ ಬಂದಿಲ್ಲ. ನಲವತ್ತು ಸಾವಿರ ಇದೆ.”

ಹಣ ನೋಡಿದ ಕೂಡಲೇ ನನ್ನ ತಪಾಸಣೆಯ ಬುದ್ಧಿ ಎದ್ದು ಕೂತಿತು. “ಕದಿಯದವರು ಯಾಕಕ್ಕ ಕೊಡ್ತಾರೆ?” ಎಂದುಬಿಟ್ಟೆ.

ನಿನ್ನಮ್ಮ ಲಕೋಟೆಯನ್ನು ನನ್ನ ಕಡೆ ತಳ್ಳಿದಳು. “ನಿನ್ನ ಭಾವ, ‘ಎಂಥ ಬೀಗಕ್ಕೂ ಕೀಲಿ ಮಾಡ್ತೀನಿ, ನಿನ್ನ ತಮ್ಮನ ಬಾಯಿಗೆ ಹಾಕೋ ಬೀಗ ಮಾತ್ರ ನನ್ನ ಹತ್ರ ಇಲ್ಲ’ ಅಂದ್ರು. ಅದಕ್ಕೇ ದುಡ್ಡು ಕಳಿಸಿದ್ದಾರೆ. ತಾ ಕಳ್ಳ ಪರರ ನಂಬ ಅಂತ ನಮ್ಮಮ್ಮ ಹೇಳ್ತಿದ್ದಳು, ನಿನ್ನ ನೋಡೇ ಹೇಳ್ತಿದ್ದಳೋ ಏನೋ,” ಎಂದು ಹೊರಟಳು. ಬಾಗಿಲನ್ನು ಜೋರಾಗಿ ಹಾಕಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೆಲ್ಲಗೆ ಹಾಕಿಕೊಂಡಳು.

ಮೊನ್ನೆ ಗುಜರಿ ಅಂಗಡಿಯ ಮುಂದೆ ಹಾದುಹೋಗುವಾಗ ಭಾವನ ಕೀಲಿಕೈ ಕೊರೆಯುವ ಮಷೀನು ಕಂಡೆ. ಹಳದಿ ಬಣ್ಣ, ಪಕ್ಕದಲ್ಲಿ ನೀನು ಚಿಕ್ಕವಳಿದ್ದಾಗ ಮೊಳೆಯಿಂದ ಕೆತ್ತಿದ ಬೆಕ್ಕಿನ ಚಿತ್ರ. ಲಕೋಟೆ ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ಇನ್ನು ಬರೆಯಲು ವಿಶೇಷವೇನಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ರೋಗಿಗಳ ಮೇಲೆ ಸಿಡುಕಬೇಡ, ಡಾಕ್ಟರುಗಳ ಮೇಲೆ ಬೇಕಾದರೆ ಸಿಡುಕು. ನಿನ್ನ ಕೈಗುಣ ಹೆಚ್ಚಲಿ, ನಿದ್ದೆ ಹೆಚ್ಚಲಿ, ನೀನು ನಂಬಿದವರು ನಂಬಿಕೆಗೆ ತಕ್ಕವರಾಗಿರಲಿ ಎಂದು ಹರಸುವ,

ನಿನ್ನ ಸೋದರಮಾವ
(ನಿವೃತ್ತ ಟಿಕೆಟ್ ತಪಾಸಕ)

ತಾ.ಕ. (ಸೋಮವಾರ ಸಂಜೆ): ಶನಿವಾರ ಅಂಟು ಹಚ್ಚುವ ಮೊದಲು ಮೇಲಿನದನ್ನೆಲ್ಲ ಒಮ್ಮೆ ಓದಿದೆ. ಓದುತ್ತ ಎಷ್ಟು ಸಲ ಕಿಟಕಿಯ ಆಚೆ ನೋಡಿದೆನೋ ಲೆಕ್ಕವಿಲ್ಲ. ನನ್ನ ಸೂತ್ರ ಸುಳ್ಳಲ್ಲ ಮಗಳೇ.

ಚೀಲವನ್ನು ಯಾರೂ ಕದಿಯಲಿಲ್ಲ. ಬೆಂಚಿನ ಮೇಲೆ ಅದನ್ನು ಬಿಡಲು ಧೈರ್ಯ ಸಾಲದೆ, ಮೊದಲ ಸಲ ಮರೆಗೆ ಹೋದಾಗ ಹಗ್ಗ ದಾಟಿದೆ. ಹಕ್ಕಿ ಇದೆಯೆನ್ನುವುದೇ ಸುಳ್ಳು ಎಂದು ತೀರ್ಮಾನಿಸಿದ್ದವನಿಗೆ ಖಾಲಿ ಬಿಲಕ್ಕಿಂತ ಭದ್ರವಾದ ತಿಜೋರಿ ಯಾವುದು? ಮೊಣಕೈವರೆಗೆ ಕೈ ತೂರಿಸಿ ಚೀಲ ಇಟ್ಟೆ. ಗುರುತಿಗೆಂದು ಅಲ್ಲೇ ಬಿದ್ದಿದ್ದ ಕಂದು ಪಟ್ಟಿಯ ಶಂಖವೊಂದನ್ನು ಬಿಲದ ಬಾಯಿಗೆ ಇಟ್ಟೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ. ಎರಡನೇ ಸಲ ಹೋಗಿ ನೋಡುತ್ತೇನೆ, ಎಲ್ಲಿ ನೋಡಿದರೂ ಬಿಲ, ಶಂಖವಿಲ್ಲ. ಹತ್ತು ಮಾರು ಆಚೆ ಅದು ನಡೆದುಕೊಂಡು ಹೋಗುತ್ತಿತ್ತು. ಕೆಳಗೆ ಕಾಲುಗಳಿದ್ದವು. ಖಾಲಿ ಶಂಖದಲ್ಲಿ ಏಡಿ ಸಂಸಾರ ಹೂಡುತ್ತದೆಂದು ನಮ್ಮ ಏಳನೇ ಕ್ಲಾಸಿನ ಪುಸ್ತಕದಲ್ಲಿ ಇರಲಿಲ್ಲ. ಸಿಕ್ಕ ಸಿಕ್ಕ ಬಿಲಕ್ಕೆ ಕೈ ಹಾಕಿದೆ. ಐದನೆಯದರಲ್ಲಿ ಬೆಚ್ಚಗಿನದೇನೋ ನನ್ನ ಬೆರಳು ಕಚ್ಚಿತು. ಹಕ್ಕಿ ಇತ್ತು. ಕಾವಲುಗಾರ ಸುಳ್ಳು ಹೇಳಿರಲಿಲ್ಲ. ಅಲ್ಲಿ ಸುಳ್ಳು ಹೇಳಿದವನು ಒಬ್ಬನೇ.

ದಂಡಕ್ಕೆ ಹೆದರಿದೆ, ನಿಜ. ಅದಕ್ಕಿಂತ ಹೆಚ್ಚಾಗಿ ನಗುವಿಗೆ ಹೆದರಿದೆ. ಒಂದು ಏಡಿಯಿಂದ ಮೋಸ ಹೋದ ತಪಾಸಕ! ಅದೂ ಅವರೆಲ್ಲ ಭಾವನಿಗೆ ಚಪ್ಪಾಳೆ ತಟ್ಟಿದ ದಿನ. ಬೀಗಿದವನು ನಾನು, ಬೀಗ ಬಿದ್ದದ್ದು ಅವರ ಅಂಗಡಿಗೆ.

ಇವತ್ತು ಬೆಳಿಗ್ಗೆ ದ್ವೀಪದ ಕಚೇರಿಗೆ ಎಲ್ಲವನ್ನೂ ಬರೆದು ಹಾಕಿದ್ದೇನೆ, ಯಾವ ದಿಬ್ಬ, ಎಷ್ಟು ಬಿಲ ಎಂದು. ದಂಡ ಎಷ್ಟಾದರೂ ಆಗಲಿ. ಲಕೋಟೆಯನ್ನು ಹಾಗೇ ಗುಜರಿಯವನಿಗೆ ಕೊಟ್ಟೆ. ಮೇಲೆ ಇನ್ನೆರಡು ಸಾವಿರ ಕೇಳಿದ, ಕೈಗಡಿಯಾರ ಬಿಚ್ಚಿಕೊಟ್ಟೆ. ಮಷೀನು ಈಗ ನನ್ನೆದುರು ಮೇಜಿನ ಮೇಲಿದೆ, ನಿನ್ನ ಬೆಕ್ಕು ನನ್ನನ್ನೇ ನೋಡುತ್ತಿದೆ. ನಾಳೆ ಹೊತ್ತುಕೊಂಡು ಹೋಗುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ಭಾವನಿಗೆ ಬಿಟ್ಟದ್ದು.

ಆದರೆ ಮಷೀನು ತಂದಿಟ್ಟರೆ ಗೋಡೆಗೆ ಕೀಲಿಕೈಗಳು ವಾಪಸ್ ಬರುವುದಿಲ್ಲ. ತಿಂಗಳ ಕೊನೆಗೆ ರಜೆಯಲ್ಲಿ ಬಂದಾಗ ಔಷಧಿ ಅಂಗಡಿಯ ಮುಂದೆ ನಿಂತು, ಅವರೂ ಕ್ಯಾಷಿಯರಮ್ಮನೂ ಇರುವಾಗ, ಈ ತಾ.ಕ.ವನ್ನು ಗಟ್ಟಿಯಾಗಿ ಓದು. ನಾನೂ ಪಕ್ಕದಲ್ಲೇ ನಿಂತಿರುತ್ತೇನೆ. ನನ್ನ ಬಾಯಿಗೆ ಹೇಳಿಸಬೇಡ, ಅದಕ್ಕೆ ಸುಳ್ಳು ರೂಢಿ. ಕೈ ಇನ್ನೂ ಅಷ್ಟು ಕೆಟ್ಟಿಲ್ಲ.

ಮುಂದಿನದನ್ನು ಓದುವಾಗ ದನಿ ಇಳಿಸಬೇಡ. ಚೀಲ ದಪ್ಪ ಕಾಣಲೆಂದು ಅದರಲ್ಲಿ ಹಳೆಯ ಬಸ್ ಟಿಕೆಟ್ಟುಗಳನ್ನು ತುರುಕಿದ್ದೆ. ಹಣವಿದ್ದದ್ದು ಮುನ್ನೂರ ನಲವತ್ತು. ಮುನ್ನೂರು, ಅವತ್ತು ಬೆಳಿಗ್ಗೆ ದೋಣಿಕಟ್ಟೆಗೆ ಹೋಗುವ ದಾರಿಯಲ್ಲಿ, “ಕೈಯಲ್ಲಿರಲಿ ಇಟ್ಕೋ,” ಎಂದು ಭಾವ ನನ್ನ ಜೇಬಿಗೆ ಹಾಕಿದ್ದು. ನಾನು ಕಳೆದುಕೊಂಡ ನನ್ನ ಸ್ವಂತ ಹಣ ನಲವತ್ತು. ಸಾವಿರ ನಾನು ಸೇರಿಸಿದ್ದು.